ಕೆರೆಯೂ ಟ್ಯಾಂಕ್, ಯುದ್ಧದ ಗಾಡಿಯೂ ಟ್ಯಾಂಕ್! ಯಾಕೆ?

ಪ್ರಶ್ನೆ: ಮನೆ ಮೇಲೆ ನೀರು ತುಂಬಿಡುವುದು ಟ್ಯಾಂಕ್. ಬೆಂಗಳೂರಿನ ಸ್ಯಾಂಕಿ ಕೆರೆಯೂ ಟ್ಯಾಂಕ್. ಗುಂಡು ಹಾರಿಸುವ ಸೈನ್ಯದ ಗಾಡಿಯೂ ಟ್ಯಾಂಕ್. ಇವೆಲ್ಲ ಒಂದೇ ಪದವೇ, ಅಥವಾ ಬೇರೆ ಬೇರೆಯೇ?

ಉತ್ತರ: ಒಂದೇ ಪದ. ಅದೂ ಇಂಗ್ಲಿಷಿಗೆ ಹೋಗಿದ್ದು ನಮ್ಮ ಕಡೆಯಿಂದ!

ಗುಜರಾತಿನ ಹಳೇ ಮನೆಗಳಲ್ಲಿ ಅಂಗಳದ ಕೆಳಗೆ ಮಳೆನೀರು ತುಂಬಿಡುವ ತೊಟ್ಟಿ ಇರುತ್ತದೆ. ಅದಕ್ಕೆ ಟಾಂಕಾ ಅಂತಾರೆ. ಮರಾಠಿಯಲ್ಲಿ ಟಾಕೆ, ಟಾಕಿ. ಹುಬ್ಬಳ್ಳಿ ಕಡೆ 'ನೀರಿನ ಟಾಕಿ' ಅನ್ನುವವರು ಟ್ಯಾಂಕ್ ಅನ್ನುವ ನಮಗಿಂತ ಮೂಲಕ್ಕೆ ಹತ್ತಿರ ಇದ್ದಾರೆ, ಅಲ್ವಾ? 17ನೇ ಶತಮಾನದಲ್ಲಿ ವ್ಯಾಪಾರಕ್ಕೆ ಬಂದ ಇಂಗ್ಲಿಷರ ಕಿವಿಗೆ ಈ ಮಾತು ಬಿತ್ತು. ಅವರಿಗಿಂತ ಮೊದಲೇ ಬಂದಿದ್ದ ಪೋರ್ಚುಗೀಸರ ಬಾಯಲ್ಲಿ 'ಟಾಂಕೆ' ಅಂತ ಕೊಳಕ್ಕೆ ಒಂದು ಪದ ಇತ್ತು. ಅದು ಅವರದೇ ಭಾಷೆಯದ್ದು, ನೀರು ತಡೆದು ನಿಲ್ಲಿಸು ಅನ್ನುವ ಅರ್ಥದ ಕ್ರಿಯಾಪದಕ್ಕೆ ಸೇರಿದ್ದು. ಯಾವುದು ನಿಜವಾದ ಮೂಲ ಅಂತ ಪಂಡಿತರು ಇನ್ನೂ ಜಗಳ ಆಡುತ್ತಾರೆ. ಎರಡೂ ಬೆರೆತು ಹೋಗಿವೆ ಅನ್ನುವುದೇ ನನಗೆ ಸರಿ ಕಾಣುತ್ತದೆ.

ಇಂಗ್ಲಿಷರು ನಮ್ಮ ಕೆರೆ ನೋಡಿದಾಗಲೂ ಇದೇ ಪದ ಬಳಸಿದರು. ಏರಿ ಕಟ್ಟಿ ಮಳೆನೀರು ನಿಲ್ಲಿಸಿದ್ದಾರೆ, ಹಾಗಾಗಿ ಟ್ಯಾಂಕ್. ತಾನಾಗಿ ಆದ ಸರೋವರಕ್ಕೆ ಮಾತ್ರ ಲೇಕ್. 1882ರಲ್ಲಿ ಕಟ್ಟಿಸಿದ ಕೆರೆ ಸ್ಯಾಂಕಿ ಟ್ಯಾಂಕ್ ಆಗಿದ್ದು ಹೀಗೆ. ಈಗ ಎಲ್ಲ ಕೆರೆಗೂ ಲೇಕ್ ಅಂತ ಬೋರ್ಡು ಹಾಕುತ್ತಾರೆ. ಲೇಕ್ ವ್ಯೂ ಅಂದರೆ ಫ್ಲ್ಯಾಟಿಗೆ ರೇಟು ಜಾಸ್ತಿ!

ಇನ್ನು ಯುದ್ಧದ ಟ್ಯಾಂಕ್. ಇದರ ಕಥೆ ಮಜವಾಗಿದೆ. ಮೊದಲ ಮಹಾಯುದ್ಧದ ಕಾಲ, 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ದೊಡ್ಡ ಗಾಡಿ ತಯಾರಾಗುತ್ತಿತ್ತು. ಜರ್ಮನರ ಕಂದಕ ದಾಟಿ ಹೋಗುವ ಗಾಡಿ. ಒಳಗಿನವರು ಅದಕ್ಕೆ ಇಟ್ಟಿದ್ದ ಹೆಸರು ಲ್ಯಾಂಡ್‌ಶಿಪ್, ನೆಲದ ಹಡಗು. ಆದರೆ ಹೆಸರು ಕೇಳಿದರೇ ಗುಟ್ಟು ರಟ್ಟಾಗುತ್ತಲ್ಲ! ಅದಕ್ಕೆ ನೀರು ಸಾಗಿಸುವ ಗಾಡಿ ಅಂತ ಸುದ್ದಿ ಬಿಟ್ಟರು. ಮರುಭೂಮಿಯ ಸೈನಿಕರಿಗೆ ನೀರಂತೆ! 'ವಾಟರ್ ಕ್ಯಾರಿಯರ್' ಅನ್ನೋಣ ಅಂದರೆ ಚಿಕ್ಕದಾಗಿ 'ಡಬ್ಲ್ಯು.ಸಿ.' ಆಗುತ್ತದೆ, ಅಂದರೆ ಕಕ್ಕಸು. ಕೊನೆಗೆ ಟ್ಯಾಂಕ್ ಅಂದರು. ಸಾಗಿಸುವಾಗ ಅದರ ಮೇಲೆ ರಷ್ಯನ್ ಲಿಪಿಯಲ್ಲಿ 'ಜೋಪಾನ, ಪೆಟ್ರೋಗ್ರಾಡಿಗೆ' (ಅಂದರೆ ಆಗಿನ ರಷ್ಯಾದ ರಾಜಧಾನಿಗೆ) ಅಂತ ಬರೆದದ್ದೂ ಉಂಟು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ಯುದ್ಧದಲ್ಲಿ ಅವು ಮೊದಲ ಸಲ ಕಣಕ್ಕಿಳಿದವು. ಗುಟ್ಟು ಬಯಲಾಯಿತು, ಸುಳ್ಳು ಹೆಸರು ಮಾತ್ರ ಹಾಗೇ ಉಳಿಯಿತು.

ಟ್ಯಾಂಕ್ ಟಾಪ್ ಅನ್ನುವ ತೋಳಿಲ್ಲದ ಅಂಗಿ? ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಈಜುಕೊಳಕ್ಕೂ ಟ್ಯಾಂಕ್ ಅನ್ನುತ್ತಿದ್ದರು. ಈಜುವಾಗ ಹಾಕುತ್ತಿದ್ದ ತೋಳಿಲ್ಲದ ಉಡುಪಿನಿಂದ ಆ ಹೆಸರು. ಥಿಂಕ್ ಟ್ಯಾಂಕ್ ಅಂದರೆ ಮೊದಲು ತಮಾಷೆಗೆ ತಲೆ, ಮಿದುಳು ಅಂತ ಅಷ್ಟೇ. ತಜ್ಞರ ಸಂಸ್ಥೆ ಅನ್ನುವ ಅರ್ಥ ಆಮೇಲೆ ಬಂತು.

ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರ ಟ್ಯಾಂಕ್ ಬಂಡ್ ರಸ್ತೆ ಅಂತ ಒಂದಿದೆ. ಬಂಡ್ ಕೂಡ ಇಂಗ್ಲಿಷಿಗೆ ನಮ್ಮ ಕಡೆಯಿಂದಲೇ ಹೋದ ಪದ, ಏರಿ ಅಂತ ಅರ್ಥ. ಧರ್ಮಾಂಬುಧಿ ಕೆರೆಯ ಏರಿ ಅದು. ಕೆರೆ ಇದ್ದ ಜಾಗದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ.