ಸೊಪ್ಪಿನ ಮೇಲೆ ಚಿಮುಕಿಸುವ ನೀರು

ದಾವಣಗೆರೆಯಲ್ಲಿ ಹಸಿ ತರಕಾರಿ ತಿನ್ನದ ದಿನವೇ ಕಡಿಮೆ. ರೊಟ್ಟಿಯ ಪಕ್ಕ ಎಳೆ ಮೆಂತ್ಯ, ಮೂಲಂಗಿ, ಸೌತೆಕಾಯಿ. ಸಂಜೆಯ ಮಂಡಕ್ಕಿ ಮೇಲೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ. ಇವಾವುವೂ ಒಲೆ ಕಾಣುವುದಿಲ್ಲ. ಹಾಗಾಗಿ ಅವುಗಳಿಗೆ ಅಂಟಿದ ಬ್ಯಾಕ್ಟೀರಿಯಾ ಜೀವಂತವಾಗಿಯೇ ಹೊಟ್ಟೆ ಸೇರುತ್ತವೆ.

ಹೆಚ್ಚಿನವು ನಿರುಪದ್ರವಿಗಳು. ಭಯವಿರುವುದು ಮಲದ ಮೂಲಕ ಬರುವವುಗಳದ್ದು: ಇ. ಕೋಲಿಯ ಕೆಲವು ತಳಿಗಳು, ಸಾಲ್ಮೊನೆಲ್ಲಾ, ಶಿಗೆಲ್ಲಾ. ಸರಿಯಾಗಿ ಕಳಿಯದ ಗೊಬ್ಬರ, ಚರಂಡಿ ಸೇರಿದ ಹಳ್ಳದ ನೀರು ಇವನ್ನು ಹೊಲಕ್ಕೆ ತರುತ್ತವೆ. ಆದರೆ ನನ್ನ ಕಣ್ಣು ಹೋಗುವುದು ಮಾರುಕಟ್ಟೆಯ ಬಕೆಟ್ ಕಡೆಗೆ. ಬೆಳಿಗ್ಗೆ ತುಂಬಿಟ್ಟ ನೀರಿನಲ್ಲಿ ಒಂದಾದ ಮೇಲೊಂದು ಕಟ್ಟು ಅದ್ದುತ್ತಾರೆ. ಬೇರಿನ ಮಣ್ಣು ಬಿಟ್ಟು ನೀರು ಬಗ್ಗಡವಾಗುತ್ತದೆ. ಬಿಸಿಲೇರಿದಂತೆ ಅದನ್ನೇ ಇಡೀ ಗುಡ್ಡೆಗೆ ಚಿಮುಕಿಸುತ್ತಾರೆ. ಒಂದು ಕಟ್ಟಿನ ಕೊಳೆ ಎಲ್ಲಕ್ಕೂ ಹತ್ತಲು ಇಷ್ಟು ಸಾಕು. ಮಾರುವವರನ್ನು ದೂರುವುದು ಅನ್ಯಾಯ. ನೀರು ಹಾಕದಿದ್ದರೆ ಮಧ್ಯಾಹ್ನದೊಳಗೆ ಸೊಪ್ಪು ಬಾಡಿ ಹಾಕಿದ ದುಡ್ಡೂ ಹುಟ್ಟುವುದಿಲ್ಲ. ಅವರ ಕೈಗೆಟುಕುವಲ್ಲಿ ಒಳ್ಳೆಯ ನೀರಿನ ನಲ್ಲಿ ಇರಬೇಕು. ಅದನ್ನು ಒದಗಿಸಬೇಕಾದದ್ದು ಊರಿನ ಆಡಳಿತ.

ಮನೆಯಲ್ಲಿ ತೊಳೆದರೆ ಆಯಿತಲ್ಲ ಎನ್ನಬಹುದು. ಪೂರ್ತಿ ಆಗುವುದಿಲ್ಲ. ಎಲೆಯ ತುಂಬ ಕಣ್ಣಿಗೆ ಕಾಣದ ಪತ್ರರಂಧ್ರಗಳಿವೆ. ಬೆಳಕಿಗೆ ತೆರೆದುಕೊಂಡ ಈ ರಂಧ್ರಗಳಲ್ಲಿ ಸಾಲ್ಮೊನೆಲ್ಲಾ ಒಳಗೆ ನುಸುಳುವುದನ್ನು ವಿಜ್ಞಾನಿಗಳು ಲೆಟ್ಯೂಸ್ ಎಲೆಯಲ್ಲಿ ಕಂಡಿದ್ದಾರೆ. ಒಳಹೊಕ್ಕವು ನೀರಿಗೆ ಸಿಗುವುದಿಲ್ಲ. ಮೇಲಿರುವವೂ ಲೋಳೆಯ ಪದರ ಕಟ್ಟಿಕೊಂಡು ಗಟ್ಟಿಯಾಗಿ ಕೂರಬಲ್ಲವು. ಇತ್ತ ಶಿಗೆಲ್ಲಾಗೆ ಕಾಯಿಲೆ ತರಲು ನೂರಕ್ಕಿಂತ ಕಡಿಮೆ ಜೀವಕೋಶಗಳೂ ಸಾಕು.

ಹೆಚ್ಚಿಟ್ಟ ತರಕಾರಿಯಲ್ಲಿ ಅಪಾಯ ಇನ್ನೂ ಜಾಸ್ತಿ. ಒಸರಿದ ರಸವೇ ಬ್ಯಾಕ್ಟೀರಿಯಾಗಳಿಗೆ ಆಹಾರ. ಎಲ್ಲ ಅನುಕೂಲವೂ ಒದಗಿದರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆ ಲೆಕ್ಕದಲ್ಲಿ ಒಂದೇ ಒಂದು ಜೀವಕೋಶ ಏಳು ತಾಸಿಗೆ 20 ಲಕ್ಷ ದಾಟುತ್ತದೆ.

ನಮಗೆ ಇಷ್ಟು ಆಪ್ತವಾದ ಮೆಂತ್ಯವೇ 2011ರಲ್ಲಿ ಜರ್ಮನಿಯನ್ನು ನಡುಗಿಸಿತು. ಮೆಂತ್ಯದ ಮೊಳಕೆಕಾಳಿನಿಂದ ಹರಡಿದ ಇ. ಕೋಲಿ ಓ104 ತಳಿ ಸುಮಾರು 4,000 ಜನರನ್ನು ಮಲಗಿಸಿತು. ನೂರಾರು ಜನರ ಮೂತ್ರಪಿಂಡ ಕೆಟ್ಟವು, 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಶುರುವಿನಲ್ಲಿ ಎಲ್ಲರೂ ಅನುಮಾನಪಟ್ಟಿದ್ದು ಸೌತೆಕಾಯಿಯನ್ನು.

ತೊಳೆದರೆ ಪೂರ್ತಿ ಹೋಗದಿದ್ದರೂ ಬಹುಪಾಲು ಕಡಿಮೆಯಾಗುತ್ತದೆ, ಆದ್ದರಿಂದ ತೊಳೆಯಲೇಬೇಕು. ಬೇರು ಕತ್ತರಿಸಿ, ಕಟ್ಟು ಬಿಚ್ಚಿ, ಹರಿಯುವ ನೀರಿನಲ್ಲಿ. ಸೌತೆಕಾಯಿಯನ್ನು ಸಿಪ್ಪೆ ತೆಗೆಯುವ ಮುಂಚೆಯೇ ತೊಳೆಯಿರಿ, ಇಲ್ಲವಾದರೆ ಸಿಪ್ಪೆಯ ಮೇಲಿನದನ್ನು ಚಾಕುವೇ ತಿರುಳಿಗೆ ದಾಟಿಸುತ್ತದೆ. ಬಸುರಿಯರಿಗೆ, ಎಳೆ ಮಕ್ಕಳಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಮಾತ್ರ ಮೆಂತ್ಯವನ್ನು ಪಲ್ಯ ಮಾಡಿಯೇ ಬಡಿಸಿ. ಒಳಗೆಲ್ಲ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಎರಡು ನಿಮಿಷ ಬೆಂದರೆ ಇ. ಕೋಲಿ, ಸಾಲ್ಮೊನೆಲ್ಲಾ, ಶಿಗೆಲ್ಲಾ ಮೂರೂ ಸಾಯುತ್ತವೆ.