ಇಂಕ್‌ಜೆಟ್ ಪ್ರಿಂಟರ್: ಗೆರೆಯ ದಿಕ್ಕು ನೋಡಿ ದೋಷ ಹಿಡಿಯುವುದು

ಪ್ರಿಂಟ್ ಚೆನ್ನಾಗಿ ಬರುತ್ತಿಲ್ಲ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಹೆಡ್ ಕ್ಲೀನಿಂಗ್ ಬಟನ್ನಿಗೆ. ಹೆಡ್ ಅಂದರೆ ಹಾಳೆಯ ಮೇಲೆ ಇಂಕ್ ಹಾರಿಸುವ ಭಾಗ. ಕ್ಲೀನಿಂಗ್‌ನಿಂದ ವಾಸಿಯಾಗುವುದು ಒಂದೇ ಕಾಯಿಲೆ: ನಾಝಲ್, ಅಂದರೆ ಹೆಡ್‌ನಲ್ಲಿ ಇಂಕ್ ಹನಿ ಹೊರಬರುವ ಸಣ್ಣ ತೂತು, ಕಟ್ಟಿಕೊಂಡಿರುವುದು. ಬೇರೆ ಯಾವ ತೊಂದರೆಗೆ ಒತ್ತಿದರೂ ಸುಮ್ನೆ ಇಂಕ್ ಖರ್ಚು. ಹನಿ ಸರಿಯಾದ ಜಾಗಕ್ಕೆ ಬೀಳುವಂತೆ ಹೊಂದಿಸುವ ಅಲೈನ್‌ಮೆಂಟ್ ಬಟನ್ನಿನ ಕಥೆಯೂ ಅಷ್ಟೇ. ಹಾಗಾಗಿ ಯಾವುದನ್ನೂ ಒತ್ತುವ ಮೊದಲು ಹಾಳಾದ ಪ್ರಿಂಟನ್ನು ಕೈಯಲ್ಲಿ ಹಿಡಿದು, ದೋಷ ಯಾವ ದಿಕ್ಕಿಗೆ ಓಡುತ್ತಿದೆ ಅಂತ ನೋಡಬೇಕು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಯಾಕೆಂದರೆ ಈ ಯಂತ್ರದಲ್ಲಿ ಮುಖ್ಯ ಚಲನೆಗಳು ಎರಡೇ. ಹೆಡ್ ಎಡಕ್ಕೂ ಬಲಕ್ಕೂ ಓಡಾಡುತ್ತದೆ, ಹಾಳೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜರುಗುತ್ತದೆ. ಹೆಡ್ ಒಮ್ಮೆ ಓಡಿದರೆ ಒಂದು ಪಟ್ಟೆ ಮೂಡುತ್ತದೆ. ಹಾಳೆ ಜರುಗುತ್ತದೆ, ಇನ್ನೊಂದು ಪಟ್ಟೆ ಮೂಡುತ್ತದೆ. ಎ4 ಹಾಳೆಯನ್ನು ಮಾಮೂಲಾಗಿ ಇಟ್ಟಾಗ 210 ಮಿ.ಮೀ. ಅಗಲ ಹೆಡ್‌ನ ದಾರಿ, 297 ಮಿ.ಮೀ. ಉದ್ದ ಹಾಳೆ ಜರುಗುವ ದಾರಿ.

ಹಾಳೆಯ ಅಗಲಕ್ಕೆ ಬಿಳಿ ಅಥವಾ ಕಪ್ಪು ಗೆರೆ ಬಿದ್ದಿದ್ದರೆ ನಾಝಲ್ ಕಡೆ ಅನುಮಾನ ಪಡಿ, ಇಲ್ಲವೇ ಹಾಳೆ ಜರುಗುವ ಲೆಕ್ಕದ ಕಡೆ. ಮೇಲಿಂದ ಕೆಳಗೆ ಇಳಿಯುವ ಗೆರೆ ತುಂಡುತುಂಡಾಗಿ ಎಡಬಲ ಸರಿದಿದ್ದರೆ, ಅಥವಾ ಒಂದು ಗೆರೆ ಎರಡಾಗಿ ಕಂಡರೆ, ಹೆಡ್‌ನ ಓಟದ ಲೆಕ್ಕ ತಪ್ಪಿದೆ. ಇಡೀ ಪುಟವೇ ಓರೆಯಾಗಿ ಬಂದಿದ್ದರೆ ಅದಕ್ಕೂ ಹೆಡ್ಡಿಗೂ ಸಂಬಂಧವೇ ಇಲ್ಲ. ಹಾಳೆ ಒಳಗೆ ಹೋಗುವಾಗಲೇ ಓರೆಯಾಗಿ ಹೋಗಿದೆ. ಟ್ರೇಯಲ್ಲಿ ಹಾಳೆಯ ಎರಡೂ ಬದಿಗೆ ಇರುವ ಪ್ಲಾಸ್ಟಿಕ್ ಗೈಡ್‌ಗಳನ್ನು ಹಾಳೆಗೆ ತಾಗುವಷ್ಟು ಸರಿಸಿ. ಬಿಗಿ ಹಿಡಿದು ಹಾಳೆ ಬಾಗುವಷ್ಟು ಬೇಡ. ಹಾಳೆ ಎಳೆಯುವ ರೋಲರ್ ಮೇಲೆ ಧೂಳು ಕೂತಿದ್ದರೆ ಒರೆಸಿ. ಓರೆ ಪುಟಕ್ಕೆ ಹೆಡ್ ಅಲೈನ್‌ಮೆಂಟ್ ಎಷ್ಟು ಸಲ ಮಾಡಿದರೂ ಪುಟ ನೆಟ್ಟಗಾಗುವುದಿಲ್ಲ.

ಪುಟ ತಿರುಗಿಸಿ ನೋಡುವ ಉಪಾಯ

ಈ ಟಿಪ್ಪಣಿಯಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಅದೇ ಚಿತ್ರ ಅಥವಾ ಅದೇ ಕೋಷ್ಟಕವನ್ನು ಒಮ್ಮೆ ಪೋರ್ಟ್ರೇಟ್‌ನಲ್ಲಿ (ಪುಟ ಉದ್ದಕ್ಕೆ), ಒಮ್ಮೆ ಲ್ಯಾಂಡ್‌ಸ್ಕೇಪ್‌ನಲ್ಲಿ (ಪುಟ ಅಡ್ಡಕ್ಕೆ) ಪ್ರಿಂಟ್ ಮಾಡಿ. ಟ್ರೇಯಲ್ಲಿ ಹಾಳೆಯನ್ನು ತಿರುಗಿಸಬೇಡಿ, ಸೆಟ್ಟಿಂಗ್ ಮಾತ್ರ ಬದಲಿಸಿ. ಹಾಳೆ ಹೋಗುವುದು ಹಾಗೆಯೇ, ಚಿತ್ರ ಮಾತ್ರ 90 ಡಿಗ್ರಿ ತಿರುಗುತ್ತದೆ.

ಗೆರೆ ಚಿತ್ರದ ಜೊತೆಗೇ ತಿರುಗಿದರೆ ದೋಷ ಫೈಲಿನಲ್ಲಿದೆ, ಪ್ರಿಂಟರನ್ನು ಬೈಯಬೇಡಿ. ಚಿತ್ರ ತಿರುಗಿದರೂ ಗೆರೆ ಹಾಳೆಯ ಅಗಲಕ್ಕೇ ಉಳಿದುಕೊಂಡರೆ ದೋಷ ಪ್ರಿಂಟರಿನದು. ಕೋಷ್ಟಕದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಪೋರ್ಟ್ರೇಟ್‌ನಲ್ಲಿ ಕಾಲಂಗಳ ಗೆರೆ ಒಡೆದಿದ್ದು ಸಾಲುಗಳ ಗೆರೆ ನೀಟಾಗಿದೆ ಅಂತಿಟ್ಟುಕೊಳ್ಳಿ. ಲ್ಯಾಂಡ್‌ಸ್ಕೇಪ್ ಮಾಡಿದಾಗ ಕಾಲಂ ಗೆರೆ ನೀಟಾಗಿ, ಸಾಲಿನ ಗೆರೆ ಒಡೆದರೆ, ಹೆಡ್‌ನ ಎಡಬಲ ಓಟದಲ್ಲೇ ತೊಂದರೆ ಅನ್ನುವುದು ಖಾತ್ರಿ. ಒಂದು ಹಾಳೆ ಜಾಸ್ತಿ ಖರ್ಚಾಗುತ್ತದೆ, ಆದರೆ ಇಡೀ ಹೆಡ್ ತೊಳೆಯುವ ಇಂಕ್ ಉಳಿಯುತ್ತದೆ.

ನಾಝಲ್ ಚೆಕ್

ಇದು ಸುಲಭ. ಪ್ರಿಂಟರಿನ ಮೆಂಟೆನೆನ್ಸ್ ಮೆನುವಿನಲ್ಲಿ ನಾಝಲ್ ಚೆಕ್ ಮಾಡಿಸಿ. ತುಂಬಾ ಮಾಡೆಲ್‌ಗಳಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಮೆಟ್ಟಿಲು ಮೆಟ್ಟಿಲಾದ ಗೆರೆಗಳ ಗುಂಪು ಬರುತ್ತದೆ. ಗೆರೆ ಎಲ್ಲಿ ಬಿಟ್ಟುಹೋಗಿದೆಯೋ ಆ ನಾಝಲ್‌ಗಳಿಂದ ಇಂಕ್ ಬರುತ್ತಿಲ್ಲ. ಹಳದಿ ಬಿಳಿ ಹಾಳೆಯ ಮೇಲೆ ಕಣ್ಣಿಗೆ ಸಿಗುವುದೇ ಕಷ್ಟ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ.

ಬಿಟ್ಟುಹೋದ ಗೆರೆ ಇದ್ದರೆ ಮಾತ್ರ ಕ್ಲೀನಿಂಗ್. ಒಂದು ಸಲ ಕ್ಲೀನಿಂಗ್, ಮತ್ತೆ ನಾಝಲ್ ಚೆಕ್. ಎರಡು ಮೂರು ಸಲದಲ್ಲಿ ಸರಿಹೋಗದಿದ್ದರೆ ನಿಲ್ಲಿಸಿ, ಪ್ರಿಂಟರನ್ನು ಕೆಲವು ಗಂಟೆ ಅಥವಾ ರಾತ್ರಿಯಿಡೀ ಬಿಟ್ಟು ಮತ್ತೆ ನೋಡಿ. ಒಣಗಿದ ಇಂಕ್ ಅಷ್ಟು ಹೊತ್ತಿಗೆ ನೆನೆದು ಸಡಿಲವಾಗುತ್ತದೆ, ಸೇರಿಕೊಂಡ ಗಾಳಿಯ ಗುಳ್ಳೆಯೂ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಕ್ಲೀನಿಂಗ್‌ನಲ್ಲಿ ಹೊರಬಂದ ಇಂಕ್ ಹೋಗುವುದು ಪ್ರಿಂಟರಿನೊಳಗಿನ ಪ್ಯಾಡಿಗೆ. ಆ ಪ್ಯಾಡ್ ತುಂಬಿದರೆ ಅದು ಬೇರೆಯೇ ತಲೆನೋವು.

ನಾಝಲ್ ಯಾಕೆ ಒಣಗುತ್ತದೆ ಅನ್ನುವುದಕ್ಕೆ ಒಂದು ಕಾರಣ ಗೋಡೆಯ ಪ್ಲಗ್ ಸ್ವಿಚ್. ಪ್ರಿಂಟರಿನದೇ ಪವರ್ ಬಟನ್ ಒತ್ತಿದರೆ ಹೆಡ್ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟಿನ ನಡುವೆ ಗೋಡೆಯ ಸ್ವಿಚ್ ಆರಿಸಿದರೆ ಹೆಡ್ ಎಲ್ಲಿತ್ತೋ ಅಲ್ಲೇ ಬಾಯಿ ತೆರೆದುಕೊಂಡು ನಿಲ್ಲುತ್ತದೆ.

ಗೆರೆ ಎರಡಾಗುವುದು: ತಲೆಗೆ ಹತ್ತಲು ಸಮಯ ಹಿಡಿದ ಭಾಗ

ನಾಝಲ್ ಎಲ್ಲ ಸರಿಯಿದೆ, ಇಂಕ್ ಇದೆ, ಹಾಳೆ ನೆಟ್ಟಗಿದೆ. ಆದರೂ ಲಂಬ ಗೆರೆ ಮಾತ್ರ ಒಡೆಯುತ್ತದೆ. ಯಾಕೆ?

ಬೇಗ ಮುಗಿಯಲಿ ಅಂತ ಹೆಡ್ ಎಡದಿಂದ ಬಲಕ್ಕೆ ಹೋಗುವಾಗಲೂ ಇಂಕ್ ಹಾರಿಸುತ್ತದೆ, ಬಲದಿಂದ ಎಡಕ್ಕೆ ಬರುವಾಗಲೂ ಹಾರಿಸುತ್ತದೆ. ಹನಿ ನಾಝಲ್ ಬಿಡುವಾಗ ಹೆಡ್ ಓಡುತ್ತಲೇ ಇರುತ್ತದೆ. ಓಡುವ ಸೈಕಲ್ಲಿನಿಂದ ಕೈಯಲ್ಲಿದ್ದ ಕಲ್ಲು ಬಿಟ್ಟರೆ ಅದು ಬಿಟ್ಟ ಜಾಗದ ನೇರ ಕೆಳಗೆ ಬೀಳುವುದಿಲ್ಲ, ಸೈಕಲ್ ಹೋಗುವ ಕಡೆಗೆ ಸ್ವಲ್ಪ ಮುಂದೆ ಬೀಳುತ್ತದೆ ಅಲ್ವಾ? ಹನಿಯೂ ಹಾಗೇ. ಬಲಕ್ಕೆ ಹೋಗುವಾಗ ಬಿಟ್ಟ ಹನಿ ಬಲಕ್ಕೆ ಸರಿದು ಬೀಳುತ್ತದೆ, ಎಡಕ್ಕೆ ಬರುವಾಗ ಬಿಟ್ಟದ್ದು ಎಡಕ್ಕೆ.

ಎಷ್ಟು ಸರಿಯುತ್ತದೆ? ಲೆಕ್ಕ ಸುಲಭವಾಗಲಿ ಅಂತ ಕೆಲವು ಅಂಕಿ ಇಟ್ಟುಕೊಳ್ಳೋಣ. ಹೆಡ್ಡಿಗೂ ಹಾಳೆಗೂ ನಡುವೆ 1 ಮಿ.ಮೀ. ಅಂತರ. ಹನಿಯ ವೇಗ ಸೆಕೆಂಡಿಗೆ 5 ಮೀಟರ್. ಹೆಡ್‌ನ ವೇಗ ಸೆಕೆಂಡಿಗೆ ಅರ್ಧ ಮೀಟರ್. ಹನಿ ಹಾಳೆ ಮುಟ್ಟಲು 0.2 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಪಕ್ಕಕ್ಕೆ 0.1 ಮಿ.ಮೀ. ಹೋಗಿರುತ್ತದೆ. ಹೋಗುವಾಗ 0.1 ಬಲಕ್ಕೆ, ಬರುವಾಗ 0.1 ಎಡಕ್ಕೆ. ಒಂದೇ ಗೆರೆಯ ಎರಡು ತುಂಡುಗಳ ನಡುವೆ ಒಟ್ಟು 0.2 ಮಿ.ಮೀ. ವ್ಯತ್ಯಾಸ.

0.2 ಚಿಕ್ಕದು ಅನ್ನಿಸುತ್ತದೆ. ಆದರೆ 600 ಡಿಪಿಐನಲ್ಲಿ ಒಂದು ಇಂಚಿಗೆ, ಅಂದರೆ 25.4 ಮಿ.ಮೀ.ಗೆ, 600 ಚುಕ್ಕೆ. ಒಂದು ಚುಕ್ಕೆಯ ಜಾಗ ಸುಮಾರು 0.042 ಮಿ.ಮೀ. ಅಂದಮೇಲೆ 0.2 ಅಂದರೆ ಹೆಚ್ಚುಕಡಿಮೆ ಐದು ಚುಕ್ಕೆಯಷ್ಟು ದೂರ. ತೆಳು ಗೆರೆ ಎರಡಾಗಿ ಕಾಣಲು ಇಷ್ಟು ಧಾರಾಳ ಸಾಕು.

ಇದಕ್ಕೆ ಪ್ರಿಂಟರ್ ಮಾಡುವುದು ಸರಳ: ಹನಿಯನ್ನು ಸ್ವಲ್ಪ ಮುಂಚೆಯೇ ಹಾರಿಸುತ್ತದೆ. ಎಷ್ಟು ಮುಂಚೆ ಅನ್ನುವ ಅಂಕಿಯೇ ಅಲೈನ್‌ಮೆಂಟ್ ಅಂಕಿ. ಅಲೈನ್‌ಮೆಂಟ್ ಮಾಡುವುದು ಅಂದರೆ ಹೆಡ್ಡನ್ನು ಎಲ್ಲೋ ತಿರುಗಿಸಿ ನೆಟ್ಟಗೆ ಮಾಡುವುದಲ್ಲ, ಯಾವ ಭಾಗವೂ ಅಲುಗಾಡುವುದಿಲ್ಲ. ಹನಿ ಹಾರಿಸುವ ಹೊತ್ತನ್ನು ಬದಲಿಸುವುದು ಅಷ್ಟೇ. ಇದು ಅರ್ಥವಾದಮೇಲೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಉದಾಹರಣೆಗೆ ದಪ್ಪ ಹಾಳೆ. ಮಾಮೂಲು ಹಾಳೆಗಿಂತ 0.3 ಮಿ.ಮೀ. ದಪ್ಪ ಇರುವ ಕಾರ್ಡ್ ಹಾಕಿದಿರಿ. ಅಂತರ 1ರಿಂದ 0.7ಕ್ಕೆ ಇಳಿಯಿತು. ಹನಿ ಬೇಗ ಮುಟ್ಟುತ್ತದೆ, ಪಕ್ಕಕ್ಕೆ ಸರಿಯುವುದು 0.07 ಮಾತ್ರ. ಪ್ರಿಂಟರ್ ಮಾತ್ರ ಇನ್ನೂ 0.1ರ ಲೆಕ್ಕದಲ್ಲೇ ಮುಂಚೆ ಹಾರಿಸುತ್ತಿದೆ. ಎರಡೂ ಕಡೆ ಸೇರಿ 0.06 ತಪ್ಪು, ಒಂದೂವರೆ ಚುಕ್ಕೆ. ಮಾಮೂಲು ಹಾಳೆಯಲ್ಲಿ ಚೆನ್ನಾಗಿದ್ದ ಗೆರೆ ಕಾರ್ಡಿನಲ್ಲಿ ಒಡೆಯುವುದು ಇದಕ್ಕೇ. ಅದಕ್ಕೆ ಮದ್ದು ಮತ್ತೆ ಅಲೈನ್ ಮಾಡುವುದಲ್ಲ. ಪೇಪರ್ ಟೈಪ್ ಅಥವಾ ದಪ್ಪ ಹಾಳೆಯ ಸೆಟ್ಟಿಂಗ್ ಸರಿಯಾಗಿ ಆರಿಸುವುದು. ಕಾರ್ಡ್ ಇಟ್ಟು ಅಲೈನ್ ಮಾಡಿದರೆ ನಾಳೆ ಮಾಮೂಲು ಹಾಳೆ ಕೆಡುತ್ತದೆ.

ಬೇಗ ಮುಗಿಸುವ ಡ್ರಾಫ್ಟ್ ಮೋಡ್‌ನಲ್ಲಿ ಕೆಟ್ಟು, ಒಳ್ಳೆಯ ಕ್ವಾಲಿಟಿಯಲ್ಲಿ ಸರಿಯಾಗಿ ಬಂದರೂ ಇದೇ ಲೆಕ್ಕದಿಂದ ಬಿಡಿಸಬಹುದು. ಹೆಡ್‌ನ ವೇಗ ಬದಲಾದರೆ ಸರಿಯುವ ದೂರವೂ ಬದಲಾಗುತ್ತದೆ.

ನಿಜವಾಗಲೂ ಇದೇ ತೊಂದರೆಯಾ ಅಂತ ಪರೀಕ್ಷಿಸುವುದು ಹೇಗೆ? ಪ್ರಿಂಟ್ ಸೆಟ್ಟಿಂಗ್‌ನಲ್ಲಿ ಹೈ ಸ್ಪೀಡ್ ಅಥವಾ ಬೈಡೈರೆಕ್ಷನಲ್ ಅನ್ನುವ ಆಯ್ಕೆ ಇದ್ದರೆ ಅದರ ಟಿಕ್ ತೆಗೆಯಿರಿ. ಈಗ ಹೆಡ್ ಒಂದೇ ದಿಕ್ಕಿನಲ್ಲಿ ಮಾತ್ರ ಹನಿ ಬಿಡುತ್ತದೆ. ಎಲ್ಲ ಹನಿಯೂ ಒಂದೇ ಕಡೆಗೆ ಸರಿಯುವುದರಿಂದ ಗೆರೆ ನೆಟ್ಟಗೆ ಬರಬೇಕು. ಬಂದರೆ ಅಲೈನ್‌ಮೆಂಟ್ ಮಾಡಿ. ಬರದಿದ್ದರೆ ಅಲೈನ್‌ಮೆಂಟ್ ಬಿಟ್ಟು ಬೇರೆ ಹುಡುಕಿ.

ಅಲೈನ್ ಮಾಡುವಾಗ ನೆನಪಿಡಬೇಕಾದದ್ದು: ನಾಝಲ್ ಚೆಕ್ ಸರಿಯಾದಮೇಲೆಯೇ ಮಾಡಿ. ಗೆರೆ ಬಿಟ್ಟುಹೋದ ಪುಟವನ್ನು ಓದಿ ಪ್ರಿಂಟರ್ ತಪ್ಪು ಅಂಕಿ ಹಿಡಿಯುತ್ತದೆ, ನೀವೂ ಹಿಡಿಯುತ್ತೀರಿ. ಬಿಳಿ ಮಾಮೂಲು ಹಾಳೆ ಬಳಸಿ, ಒಂದು ಕಡೆ ಪ್ರಿಂಟ್ ಆದ ಹಾಳೆ ಬೇಡ. ಅಲೈನ್‌ಮೆಂಟ್ ಪುಟದಲ್ಲಿ ಅಂಕಿ ಹಾಕಿದ ಚೌಕಗಳು ಬಂದು, ಒಂದನ್ನು ನೀವೇ ಆರಿಸಬೇಕಾದರೆ, ಬಿಳಿ ಸಂದೂ ಇಲ್ಲದ, ಕಪ್ಪು ಗೆರೆಯೂ ಇಲ್ಲದ ಚೌಕ ಆರಿಸಿ. ಎರಡು ಚೌಕ ಒಂದೇ ಥರ ಕಂಡರೆ ಹಾಳೆಯನ್ನು ದೂರ ಹಿಡಿದು ನೋಡಿ. ಸಮನಾಗಿ ಬೂದು ಕಾಣುವುದೇ ಸರಿ.

ಅಕ್ಷರದ ಪಕ್ಕದಲ್ಲಿ ಗುಲಾಬಿ ಅಥವಾ ನೀಲಿ ನೆರಳು ಬಂದರೆ ಅದು ಇದರದೇ ತಮ್ಮ: ಕಪ್ಪು ಮತ್ತು ಬಣ್ಣ ಒಂದರ ಮೇಲೊಂದು ಕೂತಿಲ್ಲ. ಕಾರ್ಟ್ರಿಜ್ ಜೊತೆಗೇ ಹೆಡ್ ಇರುವ ಮಾಡೆಲ್‌ನಲ್ಲಿ ಕಾರ್ಟ್ರಿಜ್ ಬದಲಿಸಿದಾಗಲೆಲ್ಲ ಅಲೈನ್ ಮಾಡಬೇಕು. ಟ್ಯಾಂಕಿಗೆ ಇಂಕ್ ತುಂಬಿಸಿದ್ದಕ್ಕೆ ಬೇಕಿಲ್ಲ, ಹೆಡ್ ಅದೇ ಇದೆಯಲ್ಲ.

ಪುಟದ ನಡುವೆ ಇದ್ದಕ್ಕಿದ್ದಂತೆ ಒಂದು ಭಾಗ ಪಕ್ಕಕ್ಕೆ ಜಾರಿದರೆ, ಅಥವಾ ಹೆಡ್ ಬದಿಗೆ ಹೋಗಿ ಢಬ್ ಅಂತ ಬಡಿದರೆ, ಎನ್‌ಕೋಡರ್ ಪಟ್ಟಿ ನೋಡಿ. ಹೆಡ್‌ನ ದಾರಿಯುದ್ದಕ್ಕೂ ಕಟ್ಟಿರುವ ಪಾರದರ್ಶಕ ಪಟ್ಟಿ ಅದು. ಅದರ ಸಣ್ಣ ಗೆರೆಗಳನ್ನು ಎಣಿಸಿಯೇ ತಾನು ಎಲ್ಲಿದ್ದೇನೆ ಅನ್ನುವುದು ಹೆಡ್ಡಿಗೆ ಗೊತ್ತಾಗುವುದು. ಮೇಲೆ ಇಂಕ್ ಕಲೆ ಕೂತರೆ ಎಣಿಕೆ ತಪ್ಪುತ್ತದೆ. ಪ್ಲಗ್ ತೆಗೆದು, ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ತೇವ ಮಾತ್ರ ಮಾಡಿ, ಮೆಲ್ಲಗೆ ಒರೆಸಿ. ಉಜ್ಜಿದರೆ ಗೆರೆಗಳೇ ಅಳಿಸಬಹುದು.

ಅಡ್ಡಪಟ್ಟೆ: ನಾಝಲ್ಲಾ, ಹಾಳೆ ಜರುಗುವುದಾ?

ಎರಡನ್ನೂ ಬೇರೆ ಮಾಡುವುದು ಬಣ್ಣ. ಕಟ್ಟಿಕೊಂಡ ನಾಝಲ್ ಸಾಮಾನ್ಯವಾಗಿ ಒಂದು ಬಣ್ಣದಲ್ಲಿ ಮಾತ್ರ ಗೆರೆ ಬಿಡುತ್ತದೆ. ಹಾಳೆ ಜರುಗುವುದು ತಪ್ಪಿದ್ದರೆ ಎಲ್ಲ ಬಣ್ಣದಲ್ಲೂ ಒಂದೇ ಜಾಗದಲ್ಲಿ ಗೆರೆ. ಹಾಳೆ ಜಾಸ್ತಿ ಜರುಗಿದರೆ ಪಟ್ಟೆಗಳ ನಡುವೆ ಸಂದು ಬಿಟ್ಟು ಬಿಳಿ ಗೆರೆ. ಕಡಿಮೆ ಜರುಗಿದರೆ ಪಟ್ಟೆಗಳು ಒಂದರ ಮೇಲೊಂದು ಹತ್ತಿ ಗಾಢ ಗೆರೆ. ಒಳ್ಳೆಯ ಕ್ವಾಲಿಟಿ ಮೋಡ್ ಒಂದೇ ಜಾಗವನ್ನು ಹಲವು ಓಟದಲ್ಲಿ ತುಂಬುವುದರಿಂದ ಎರಡೂ ದೋಷ ಕಣ್ಣಿಗೆ ಕಡಿಮೆ ಬೀಳುತ್ತವೆ. ಮರೆಯಾಗುತ್ತವೆ ಅಷ್ಟೇ, ಹೋಗುವುದಿಲ್ಲ.

ದೋಷದ ಹಾಗೆ ಕಾಣುವ ಸೆಟ್ಟಿಂಗ್‌ಗಳು

ಮಾಮೂಲು ಹಾಳೆ ಇಟ್ಟು ಫೋಟೋ ಪೇಪರ್ ಅಂತ ಆರಿಸಿದರೆ ಇಂಕ್ ಜಾಸ್ತಿ ಸುರಿದು ಹಾಳೆ ನೆನೆಯುತ್ತದೆ, ಉಬ್ಬುತ್ತದೆ, ಉಬ್ಬಿದ ಕಡೆ ಹೆಡ್ ತಾಗಿ ಕಲೆಯಾಗುತ್ತದೆ. ಫೋಟೋ ಪೇಪರಿನ ತಿರುವು ಮುರುವು ನೋಡಿ. ಇಂಕ್ ಹೀರುವ ಲೇಪ ಹೆಚ್ಚಿನವುಗಳಲ್ಲಿ ಒಂದೇ ಬದಿಗೆ ಇರುತ್ತದೆ.

ಅಳತೆ ತಪ್ಪಿ ಬಂದರೆ ಫೈಲಿನಲ್ಲಿ 100 ಮಿ.ಮೀ. ಚೌಕ ಒಂದು ಬರೆದು ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ. ಎರಡೂ ಬದಿ ಒಂದೇ ಪ್ರಮಾಣದಲ್ಲಿ ಕುಗ್ಗಿ 97, 97 ಬಂದರೆ ಪುಟಕ್ಕೆ ಹಿಡಿಸುವಂತೆ ಕುಗ್ಗಿಸುವ ಫಿಟ್ ಟು ಪೇಜ್ ಆನ್ ಇದೆ, ಆಕ್ಚುಯಲ್ ಸೈಜ್ ಆರಿಸಿ. ಅಗಲ 100 ಇದ್ದು, ಹಾಳೆ ಜರುಗುವ ಕಡೆಯ ಅಳತೆ ಮಾತ್ರ ಕಣ್ಣಿಗೆ ಕಾಣುವಷ್ಟು ಕಡಿಮೆಯಾದರೆ ರೋಲರ್ ಜಾರುತ್ತಿದೆ. ಅದನ್ನು ಒರೆಸಿ ಇನ್ನೊಂದು ಚೌಕ ಅಳೆದು ನೋಡಿ.