ಅಂಗಡಿಯಲ್ಲಿ ಸರಿಯಿದ್ದ ವೈರ್‌ಲೆಸ್ ಸೆಟ್ಟು ಬೋಟಿನಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾನಿರುವುದು ಬೆಂಗಳೂರಿನ ಪೀಣ್ಯದಲ್ಲಿ, ಅಣ್ಣನ ಬೋಟಿರುವುದು ಮಲ್ಪೆಯಲ್ಲಿ. ಬೋಟಿನ ವೈರ್‌ಲೆಸ್ ಸೆಟ್ಟು ಕೆಟ್ಟಿದೆ ಎಂದು ಬಸ್ಸಿನಲ್ಲಿ ಕಳಿಸಿಕೊಟ್ಟ. ಎಸ್.ಪಿ. ರೋಡಿನಲ್ಲಿ ತೋರಿಸಿದರೆ "ಚೆನ್ನಾಗೇ ಇದೆಯಲ್ಲ" ಎಂದರು. ವಾಪಸ್ ಕಳಿಸಿ ಬೋಟಿಗೆ ಹಾಕಿದರೆ ಮತ್ತದೇ ಕಥೆ. ಬೇರೆಯವರ ಮಾತು ಕೇಳುತ್ತದೆ, ನಮ್ಮ ಮಾತು ಎರಡು ಮೂರು ಕಿಲೋಮೀಟರ್ ಆಚೆ ಯಾರಿಗೂ ಮುಟ್ಟುವುದಿಲ್ಲ. ಹೊಸ ಸೆಟ್ಟೇ ತರಬೇಕೆ?

ಉತ್ತರ: ಈಗಲೇ ಬೇಡ. ಅಂಗಡಿಯ ಮೇಜಿನ ಮೇಲೆ ನಡೆಯುವ ಸೆಟ್ಟು ಬೋಟಿನಲ್ಲಿ ನಡೆಯುತ್ತಿಲ್ಲ ಎಂದರೆ, ಬೆಂಗಳೂರಿಗೆ ಬಾರದೆ ಬೋಟಿನಲ್ಲೇ ಉಳಿದ ಸಾಮಾನುಗಳ ಮೇಲೆ ಮೊದಲ ಅನುಮಾನ: ಬ್ಯಾಟರಿಯಿಂದ ಬರುವ ವೈರು, ಫ್ಯೂಸ್, ಆಂಟೆನಾ, ಅದರ ಕೇಬಲ್, ಎರಡು ತುದಿಯ ಕನೆಕ್ಟರ್. ಅಂಗಡಿಯಲ್ಲಿ ಸೆಟ್ಟಿಗೆ ಸಿಕ್ಕಿದ್ದು ಅಲುಗಾಡದ 13.8 ವೋಲ್ಟ್ ಮತ್ತು ಗೇಣುದ್ದದ ಒಳ್ಳೆ ಕೇಬಲ್. ಬೋಟಿನಲ್ಲಿ ಆ ಎರಡೂ ಇರುವುದಿಲ್ಲ. ಅಂಗಡಿಯವರನ್ನೂ ಒಂದು ಮಾತು ಕೇಳಿ ನೋಡಿ: 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಸಿಕ್ಕಿಸುವ, ಪವರನ್ನು ತಾನೇ ನುಂಗುವ ರೆಸಿಸ್ಟರ್) ಹಾಕಿ, ವ್ಯಾಟ್‌ಮೀಟರಿನಲ್ಲಿ 25 ವ್ಯಾಟ್ ಬಂದದ್ದನ್ನು ನೋಡಿದಿರಾ, ಇಲ್ಲ ಲೈಟು ಹತ್ತಿ ಸ್ಪೀಕರಿನಲ್ಲಿ ಸದ್ದು ಬಂದದ್ದಕ್ಕೇ ಸರಿಯಿದೆ ಎಂದಿರಾ? ಸದ್ದು ಬಂತೆಂಬುದು ರಿಸೀವರ್‌ಗೆ ಸಿಕ್ಕ ಸರ್ಟಿಫಿಕೇಟ್ ಅಷ್ಟೇ.

"ಬೇರೆಯವರ ಮಾತು ಕೇಳುತ್ತದೆ" ಎಂದಿದ್ದೀರಿ. ಯಾರ ಮಾತು? ಇದನ್ನು ಅಣ್ಣನನ್ನೋ ಬೋಟು ನಡೆಸುವ ತಾಂಡೇಲರನ್ನೋ ಬಿಡಿಸಿ ಕೇಳಿ. ಆಂಟೆನಾ ಮತ್ತು ಕೇಬಲ್ ಕೆಟ್ಟರೆ ಹೋಗುವ ಸಿಗ್ನಲ್ಲೂ ಬರುವ ಸಿಗ್ನಲ್ಲೂ ಒಂದೇ ಪ್ರಮಾಣದಲ್ಲಿ ಸೊರಗುತ್ತವೆ. ಹತ್ತಿರದ ಬೋಟುಗಳು, ಎತ್ತರದ ಟವರ್ ಇರುವ ದಡದ ಸ್ಟೇಷನ್ನು ಆಗಲೂ ಕೇಳುತ್ತವೆ. ದೂರದ ಬೋಟುಗಳು ಮಾತ್ರ ಮಾಯವಾಗಿರುತ್ತವೆ. ಹಾಗಿದ್ದರೆ ತಪ್ಪು ಆಂಟೆನಾ ಕಡೆಯದು. ದೂರದ ಬೋಟಿನವರ ಮಾತೂ ಸ್ಪಷ್ಟವಾಗಿ ಕೇಳಿ, ನಿಮ್ಮದು ಮಾತ್ರ ಅವರಿಗೆ ಮುಟ್ಟದಿದ್ದರೆ, ಪವರ್ ಸಾಲುತ್ತಿಲ್ಲ. ಎರಡೂ ಬೋಟಿನ ಆಂಟೆನಾ ನೀರಿನಿಂದ 4 ಮೀಟರ್ ಎತ್ತರದಲ್ಲಿದ್ದರೆ ಸುಮಾರು 16 ಕಿಲೋಮೀಟರ್ ತನಕ ಮಾತು ನಡೆಯಬೇಕು. ಅದಕ್ಕಿಂತ ಬಹಳ ದೂರ ಆಸೆಪಡುವುದು ಬೇಡ, ಈ ಸೆಟ್ಟುಗಳು ಬಳಸುವ ವಿ.ಎಚ್.ಎಫ್. ರೇಡಿಯೋ ಅಲೆ ಭೂಮಿಯ ಬಾಗನ್ನು ಅಷ್ಟಾಗಿ ದಾಟುವುದಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಡಿಸ್‌ಪ್ಲೇ ನೋಡಿ. 'ಲೋ' ಎಂದಿದ್ದರೆ ಹೊರಬೀಳುತ್ತಿರುವುದು 25 ವ್ಯಾಟ್ ಅಲ್ಲ, 1 ವ್ಯಾಟ್. ಬಂದರಿನೊಳಗೆ ಅಷ್ಟು ಸಾಕು, ಹೊರಗಡಲಿನಲ್ಲಿ ಸಾಲದು. ಸೆಟ್ಟು ಒರೆಸುವಾಗ ಈ ಬಟನ್ ಒತ್ತಿಹೋಗುವುದು ತೀರಾ ಸಾಮಾನ್ಯ. 15 ಮತ್ತು 17ನೇ ಚಾನೆಲ್‌ಗಳಲ್ಲಂತೂ ಪವರ್ 1 ವ್ಯಾಟಿಗೇ ಸೀಮಿತ, ಅಲ್ಲಿ ಪರೀಕ್ಷೆ ಮಾಡಿ ಸೆಟ್ಟನ್ನು ಬೈಯಬೇಡಿ. ಜೊತೆಗೆ ಸೆಟ್ಟು ಅಮೆರಿಕದ ಚಾನೆಲ್ ಪಟ್ಟಿಯಲ್ಲಿದೆಯೋ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆಯೋ ನೋಡಿಕೊಳ್ಳಿ. ಪಟ್ಟಿ ಬೇರೆಯಾದರೆ ಕೆಲವು ಚಾನೆಲ್‌ಗಳಲ್ಲಿ ಫ್ರೀಕ್ವೆನ್ಸಿಯೇ ಬೇರೆ.

ಇನ್ನು ಕರೆಂಟು. ಬ್ಯಾಟರಿಯ ತಲೆಯ ಮೇಲೆ ಮೀಟರ್ ಇಟ್ಟು "12.6 ಇದೆ, ಫುಲ್ ಚಾರ್ಜ್" ಎಂದರೆ ಏನೂ ಹೇಳಿದಂತಾಗಲಿಲ್ಲ. ಅಳೆಯಬೇಕಾದದ್ದು ಸೆಟ್ಟಿನ ಹಿಂಬದಿಯ ವೈರಿನಲ್ಲಿ, ಅದೂ ಮೈಕಿನ ಬಟನ್ ಒತ್ತಿ ಹಿಡಿದಿರುವಾಗ. ಸುಮ್ಮನೆ ಕೇಳುವಾಗ ಸೆಟ್ಟು ಎಳೆಯುವುದು ಸುಮಾರು ಅರ್ಧ ಆಂಪಿಯರ್, 25 ವ್ಯಾಟಿನಲ್ಲಿ ಮಾತಾಡುವಾಗ ಐದರಿಂದ ಆರು ಆಂಪಿಯರ್. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಇದೆ ಎಂದುಕೊಳ್ಳಿ. ಕೇಳುವಾಗ ಅಲ್ಲಿ ಕಾಲು ವೋಲ್ಟ್ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಬಟನ್ ಒತ್ತಿದ ಕೂಡಲೇ ಎರಡೂವರೆ, ಮೂರು ವೋಲ್ಟ್ ಅಲ್ಲೇ ಮುಗಿದು, ಸೆಟ್ಟಿಗೆ ಹತ್ತು ವೋಲ್ಟೂ ಸಿಗುವುದಿಲ್ಲ. ಕೇಳುವುದು ಸರಿ, ಹೇಳುವುದು ಕೆಟ್ಟಿತು ಎನ್ನುವ ದೂರುಗಳಲ್ಲಿ ಇದು ಮಾಮೂಲಿ. ಬಟನ್ ಒತ್ತಿದಾಗ ಡಿಸ್‌ಪ್ಲೇ ಮಂಕಾಗುವುದು, ಸೆಟ್ಟು ಆಫ್ ಆಗಿ ಮತ್ತೆ ಆನ್ ಆಗುವುದು, 1 ವ್ಯಾಟಿನಲ್ಲಿ ಸರಿಯಿದ್ದು 25ಕ್ಕೆ ಹಾಕಿದರೆ ಮಾತು ಕಡಿಯುವುದು, ಇವೆಲ್ಲ ಇದರದೇ ಗುರುತು.

13.8 ವೋಲ್ಟಿನ ಸೆಟ್ಟುಗಳು ಸಾಮಾನ್ಯವಾಗಿ ಶೇ. 15ರಷ್ಟು ಏರಿಳಿತ ತಡೆಯುತ್ತವೆ. ಆದ್ದರಿಂದ ಬಟನ್ ಒತ್ತಿದಾಗ 11.7ಕ್ಕಿಂತ ಕೆಳಗಿಳಿದರೆ ದಾರಿಯಲ್ಲಿ ಸೋರಿಕೆ ಹುಡುಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬಕ್ಕೇ, ಇನ್ನೊಂದು ಅದರ ಮೇಲಿನ ಲಗ್ಗಿಗೆ (ವೈರಿನ ತುದಿಯ ಲೋಹದ ಹಿಡಿಕೆಗೆ) ಇಟ್ಟು ಬಟನ್ ಒತ್ತಿಸಿ. ಆಮೇಲೆ ಫ್ಯೂಸ್ ಹೋಲ್ಡರಿನ ಎರಡು ಬದಿ, ಸ್ವಿಚ್ಚಿನ ಎರಡು ಬದಿ. ಎಲ್ಲಿ 0.2 ವೋಲ್ಟಿಗಿಂತ ಹೆಚ್ಚು ತೋರುತ್ತದೋ ಅಲ್ಲೇ ರೋಗ. ನೆಗೆಟಿವ್ ದಾರಿಯನ್ನೂ ಹೀಗೇ ನೋಡಬೇಕು, ಬಹಳ ಮಂದಿ ಪಾಸಿಟಿವ್ ನೋಡಿ ಕೈತೊಳೆದುಕೊಳ್ಳುತ್ತಾರೆ. ಫ್ಯೂಸ್ ಸುಟ್ಟಿಲ್ಲ ಎಂದ ಮಾತ್ರಕ್ಕೆ ಹೋಲ್ಡರ್ ಸರಿಯಿದೆ ಎಂದಲ್ಲ. ಉಪ್ಪುಗಾಳಿಗೆ ಒಳಗಿನ ಹಿತ್ತಾಳೆ ಪಟ್ಟಿ ಹಸಿರಾಗಿರುತ್ತದೆ.

ವೈರಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಬ್ಯಾಟರಿ ಸೆಟ್ಟಿನಿಂದ 5 ಮೀಟರ್ ದೂರವಿದ್ದರೆ ಹೋಗಿಬರಲು 10 ಮೀಟರ್ ತಾಮ್ರ. 1.5 ಚದರ ಮಿಲಿಮೀಟರ್ ವೈರಿನಲ್ಲಿ ಸುಮಾರು 0.65 ವೋಲ್ಟ್ ಹೋಗುತ್ತದೆ, 4 ಚದರ ಮಿಲಿಮೀಟರಿನಲ್ಲಿ ಕಾಲು ವೋಲ್ಟ್. ಮನೆ ವೈರಿಂಗಿನಲ್ಲಿ ಮಿಕ್ಕಿದ ತುಂಡನ್ನು ತಿರುಚಿ, ಟೇಪ್ ಸುತ್ತಿದ್ದರೆ ಕಿತ್ತು ಬಿಸಾಡಿ. ತವರ ಲೇಪನದ ತಾಮ್ರದ ವೈರು ಹಾಕಿಸಿ. ಬೋಟಿನಲ್ಲಿ 24 ವೋಲ್ಟ್ ವ್ಯವಸ್ಥೆಯಿದ್ದರೆ ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ಕದಿಯುವ ಅಭ್ಯಾಸ ಬಿಡಿ. ಒಂದು ಯಾವಾಗಲೂ ಅರೆಹೊಟ್ಟೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ಎರಡೂ ಬೇಗ ಸಾಯುತ್ತವೆ. 10 ಆಂಪಿಯರಿನ ಕನ್ವರ್ಟರ್ ಹಾಕಿ.

ಆಂಟೆನಾ ಕಡೆಗೆ ಬಂದರೆ, ಮೊದಲು ಸೆಟ್ಟಿನ ಹಿಂದಿರುವ ಪಿ.ಎಲ್. 259 ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ಪಿನ್ನು ಹೊಳೆಯುತ್ತಿದೆಯೇ? ಕೇಬಲ್ಲನ್ನು ಮೆಲ್ಲಗೆ ಎಳೆದು ತಿರುಗಿಸಿದರೆ ಕನೆಕ್ಟರಿನೊಳಗೆ ಅದು ತಿರುಗುತ್ತದೆಯೇ? ತಿರುಗಿದರೆ ಹೊರ ಜಾಲರಿಗೆ ಬೆಸುಗೆಯೇ ಇಲ್ಲ. ಕನೆಕ್ಟರ್ ಕತ್ತರಿಸಿ ಒಂದಿಂಚು ಸಿಪ್ಪೆ ಸುಲಿದಾಗ ಜಾಲರಿ ಹೊಳೆಯಬೇಕು. ಕಪ್ಪಾಗಿದ್ದರೆ ನೀರು ಹೊಕ್ಕಿದೆ. ಬತ್ತಿ ಎಣ್ಣೆ ಹೀರಿದ ಹಾಗೆ ಜಾಲರಿ ನೀರನ್ನು ಮೀಟರುಗಟ್ಟಲೆ ಒಳಗೆಳೆದಿರುತ್ತದೆ, ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಸುಖವಿಲ್ಲ. ಹೊಳೆಯುವ ಜಾಲರಿ ಸಿಗುವ ತನಕ ಕತ್ತರಿಸಿ, ಸಿಗದಿದ್ದರೆ ಇಡೀ ಕೇಬಲ್ ಬದಲಿಸಿ.

ಮಲ್ಟಿಮೀಟರಿನಲ್ಲಿ ನೋಡುವುದಾದರೆ ಎರಡೂ ತುದಿ ಬಿಚ್ಚಿಯೇ ನೋಡಬೇಕು. ಪಿನ್ನಿಗೂ ಹೊರ ಚಿಪ್ಪಿಗೂ ನಡುವೆ ಯಾವ ಸಂಪರ್ಕವೂ ತೋರಬಾರದು. ಆಮೇಲೆ ಒಂದು ತುದಿಯಲ್ಲಿ ಪಿನ್ನು, ಚಿಪ್ಪು ಎರಡನ್ನೂ ತಂತಿಯಿಂದ ಸೇರಿಸಿ ಇನ್ನೊಂದು ತುದಿಯಲ್ಲಿ ಅಳೆದರೆ ಒಂದು ಓಮಿಗಿಂತ ಕಡಿಮೆ ಬರಬೇಕು. ಆಂಟೆನಾ ಸಿಕ್ಕಿಸಿಕೊಂಡೇ ಅಳೆದು "ಶಾರ್ಟ್ ಆಗಿದೆ" ಎಂದು ಒಳ್ಳೆಯದನ್ನೇ ಎಸೆಯುವವರಿದ್ದಾರೆ. ಫೈಬರ್‌ಗ್ಲಾಸಿನ ಅನೇಕ ಆಂಟೆನಾಗಳು ಮೀಟರಿಗೆ ಶಾರ್ಟಿನಂತೆಯೇ ಕಾಣುತ್ತವೆ, ಅವುಗಳ ರಚನೆಯೇ ಹಾಗೆ.

ಮಲ್ಟಿಮೀಟರ್ ಪಾಸ್ ಮಾಡಿದ ಕೇಬಲ್ಲೂ ಕಡಲ ಚಾನೆಲ್‌ಗಳ 156 ಮೆಗಾಹರ್ಟ್ಸ್‌ನಲ್ಲಿ ಫೇಲಾಗಬಹುದು. ಅದಕ್ಕೆ ಬೇಕಾದದ್ದು ಎಸ್.ಡಬ್ಲ್ಯು.ಆರ್. ಮೀಟರ್, ಅಂದರೆ ಆಂಟೆನಾಕ್ಕೆ ಹೋದ ಪವರಿನಲ್ಲಿ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವ ಮೀಟರ್. 1.5 ಒಳಗಿದ್ದರೆ ಚೆನ್ನ. 2 ಬಂದರೆ ಶೇ. 11ರಷ್ಟು ಪವರ್ ವಾಪಸ್ ಬರುತ್ತಿದೆ, ತಳ್ಳಿಕೊಂಡು ಹೋಗಬಹುದು. 3 ಬಂದರೆ ಕಾಲು ಭಾಗ ವಾಪಸ್, ಮಾತಾಡುವುದನ್ನು ನಿಲ್ಲಿಸಿ. ಒಂದು ಮೋಸವೂ ಇದೆ. ಹಾಳಾದ ಕೇಬಲ್ ವಾಪಸ್ ಬರುವ ಪವರನ್ನೂ ತಾನೇ ನುಂಗಿ ಮೀಟರಿನಲ್ಲಿ ಸುಂದರವಾದ 1.2 ತೋರಿಸುತ್ತದೆ. ಆದ್ದರಿಂದ ಆಂಟೆನಾ ಬಿಚ್ಚಿ, ಕೇಬಲ್ಲಿನ ಮೇಲ್ತುದಿಗೆ ವ್ಯಾಟ್‌ಮೀಟರ್, ಡಮ್ಮಿ ಲೋಡ್ ಹಾಕಿ ಅಲ್ಲಿ ಎಷ್ಟು ವ್ಯಾಟ್ ತಲುಪುತ್ತದೆ ನೋಡುವುದೇ ನಿಜವಾದ ಪರೀಕ್ಷೆ. 10 ಮೀಟರ್ ಆರ್.ಜಿ. 58 (ತೆಳು ಕೇಬಲ್) ಹೊಸದಿದ್ದಾಗಲೂ 25ರಲ್ಲಿ ಸುಮಾರು 16 ವ್ಯಾಟ್ ಮಾತ್ರ ಮೇಲ್ತುದಿಗೆ ತಲುಪುತ್ತದೆ, ದಪ್ಪನೆಯ ಆರ್.ಜಿ. 213 ಆದರೆ 20. ನಾಲ್ಕೈದು ವ್ಯಾಟ್ ಬಂದರೆ ಉತ್ತರ ಸಿಕ್ಕಿತು.

ಬೆಂಗಳೂರಿನಲ್ಲಿರುವ ನಿಮ್ಮಿಂದ ಆಗಬೇಕಾದ ಕೆಲಸ ಇಲ್ಲಿದೆ. ಎಸ್.ಪಿ. ರೋಡಿನಲ್ಲಿ ಬೋಟಿಗೆ ಬೇಕಾದಷ್ಟು ಉದ್ದದ ಆರ್.ಜಿ. 213, ಅದರದೇ ಅಳತೆಯ ನಾಲ್ಕು ಪಿ.ಎಲ್. 259 (ಎರಡು ಕೆಡುತ್ತವೆ ಎಂದೇ ಲೆಕ್ಕ), 30 ವ್ಯಾಟ್ ತಡೆಯುವ ಡಮ್ಮಿ ಲೋಡ್, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ತನ್ನಿ. ಬೆಸುಗೆಗೆ 25 ವ್ಯಾಟಿನ ಕಡ್ಡಿ ಸಾಲದು, ಕನೆಕ್ಟರಿನ ಮೈ ಕಾಯುವುದೇ ಇಲ್ಲ. 100 ವ್ಯಾಟಿನದು ಬೇಕು. ಎಸ್.ಡಬ್ಲ್ಯು.ಆರ್. ಮೀಟರನ್ನು ಕೊಳ್ಳುವ ಬದಲು ಹ್ಯಾಮ್ ರೇಡಿಯೋ ಹವ್ಯಾಸಿಗಳಲ್ಲಿ ಎರವಲು ಕೇಳಿ. ಅವರ 144 ಮೆಗಾಹರ್ಟ್ಸ್ ಬ್ಯಾಂಡಿನ ಮೀಟರ್ ಇಲ್ಲಿಗೂ ನಡೆಯುತ್ತದೆ, 27 ಮೆಗಾಹರ್ಟ್ಸ್‌ನ ಅಗ್ಗದ ಮೀಟರ್ ನಡೆಯುವುದಿಲ್ಲ. ಆದರೆ ಹ್ಯಾಮ್ ಲೈಸೆನ್ಸಿನಲ್ಲಿ ಕಡಲ ಚಾನೆಲ್‌ನಲ್ಲಿ ಮಾತಾಡುವಂತಿಲ್ಲ. ಬೆಂಗಳೂರಿನಲ್ಲಿ ಏನೇ ಪರೀಕ್ಷೆ ಮಾಡಿದರೂ ಡಮ್ಮಿ ಲೋಡಿಗೇ. ಬೋಟು ಕಟ್ಟುವ ದಕ್ಕೆಯಲ್ಲೂ ಅಪಾಯದ ಕರೆಯ 16ನೇ ಚಾನೆಲ್ ಬಿಟ್ಟು ಬೇರೆಯದರಲ್ಲಿ, ಅದೂ ಕೆಲವೇ ಸೆಕೆಂಡು. ಆಂಟೆನಾವೂ ಇಲ್ಲದೆ, ಲೋಡೂ ಇಲ್ಲದೆ ಬಟನ್ ಒತ್ತಿದರೆ ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಡಬಹುದು. ಕೆಂಪು ಮುಚ್ಚಳದಡಿಯ ಅಪಾಯದ ಬಟನ್ ಪರೀಕ್ಷೆಗೆಂದು ಒತ್ತಲೇಬಾರದು.

ಮೈಕನ್ನು ಮರೆಯಬೇಡಿ. ಸುರುಳಿ ವೈರು ಮೈಕಿನ ಬುಡದಲ್ಲಿ ಒಳಗೇ ತುಂಡಾಗಿದ್ದರೆ ಸಿಗ್ನಲ್ ಹೋಗುತ್ತದೆ, ದನಿ ಹೋಗುವುದಿಲ್ಲ. ರಾತ್ರಿ ಮಾತ್ರ ತೊಂದರೆಯಾಗುತ್ತದೆ ಎಂದರೆ ಎಲ್.ಇ.ಡಿ. ದೀಪಗಳನ್ನು ಹಿಡಿಯಿರಿ, ಅವು ಹೊಮ್ಮಿಸುವ ಗದ್ದಲದಲ್ಲಿ ಸಿಗ್ನಲ್ ಮುಳುಗಬಹುದು. 2018ರಲ್ಲೇ ಅಮೆರಿಕದ ಕೋಸ್ಟ್ ಗಾರ್ಡ್ ಈ ಬಗ್ಗೆ ಎಚ್ಚರಿಸಿತ್ತು. ದೀಪ ಆರಿಸಿ, ಗರಗರ ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ತಡೆಯುವ ತಿರುಗುಗುಂಡಿ) ಇಟ್ಟು, ದೀಪ ಹಾಕಿ. ಸದ್ದು ಮರಳಿದರೆ ಆ ದೀಪವೇ ಕಾರಣ.

ಇದಕ್ಕೆಲ್ಲ ಒಳ್ಳೆ ಹೊತ್ತು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿ. ಸೆಟ್ಟಿನ ಹಿಂದೆ 12 ವೋಲ್ಟಿಗಿಂತ ಹೆಚ್ಚಿದ್ದು, ಸೆಟ್ಟಿಗೇ ನೇರವಾಗಿ ಡಮ್ಮಿ ಲೋಡ್ ಹಾಕಿದಾಗಲೂ ನಾಲ್ಕೈದು ವ್ಯಾಟೇ ಬರುತ್ತಿದ್ದರೆ ಮಾತ್ರ ಅದನ್ನು ಬಸ್ಸು ಹತ್ತಿಸಿ. ಮೈಕು, ಪವರ್ ವೈರು ಜೊತೆಗಿರಲಿ, ಅಳೆದ ವೋಲ್ಟ್, ವ್ಯಾಟ್ ಎರಡನ್ನೂ ಚೀಟಿಯಲ್ಲಿ ಬರೆದು ಅಂಟಿಸಿ. ಕೊನೆಗೆ ಹೊಸ ಸೆಟ್ಟೇ ಬಂದರೆ, 419ರಿಂದ ಶುರುವಾಗುವ ಒಂಬತ್ತು ಅಂಕಿಯ ಎಂ.ಎಂ.ಎಸ್.ಐ. ನಂಬರನ್ನು (ರೇಡಿಯೋದಲ್ಲಿ ನಿಮ್ಮ ಬೋಟಿನ ಗುರುತಿನ ಸಂಖ್ಯೆ) ಲೈಸೆನ್ಸ್ ಪಕ್ಕದಲ್ಲಿಟ್ಟುಕೊಂಡೇ ಒತ್ತಿ. ಬಹಳಷ್ಟು ಸೆಟ್ಟುಗಳು ಅದನ್ನು ಒಂದೆರಡು ಸಲ ಮಾತ್ರ ಒತ್ತಲು ಬಿಡುತ್ತವೆ.